ನಮ್ಮವರೆಂದು ಬರೆದುಕೊಳ್ಳದ ಅಹಮದ್ ಖಾನ್

(ಚಿಕ್ಕಬಳ್ಳಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸಕ್ಕೆ ನಮ್ಮಲ್ಲೊಂದು ರೂಢಿ ಬಿದ್ದುಹೋಗಿದೆ. ಯಾರೋ ತಂದೆಯ ಹೆಸರಿನಲ್ಲೋ ತಾಯಿಯ ಹೆಸರಿನಲ್ಲೋ ಒಂದಿಷ್ಟು ಗಂಟು ಇಡುತ್ತಾರೆ, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಭಾಷಣ ನಡೆಯುತ್ತದೆ. ವಿಷಯ ವಚನವೋ ದಾಸರ ಪದವೋ ಜನಪದವೋ ಆಗಿರುತ್ತದೆ. ನಮ್ಮ ಜಿಲ್ಲೆಯಲ್ಲಾದರೆ ಕೈವಾರದ ತಾತಯ್ಯ, ಸರ್ ಎಂ. ವಿ., ಹೊಸೂರಿನ ಎಚ್. ನರಸಿಂಹಯ್ಯ ಇವರಲ್ಲಿ ಒಬ್ಬರು. ಬೇಡವೆಂದಲ್ಲ, ಅವರ ಬಗ್ಗೆ ಎಷ್ಟು ಮಾತಾಡಿದರೂ ಸಾಲದು. ಆದರೆ ಈ ಸಲ ದತ್ತಿಯವರು ಒಬ್ಬ ಆಟಗಾರನ ಬಗ್ಗೆ, ಅದರಲ್ಲೂ ಫುಟ್‌ಬಾಲ್ ಆಟಗಾರನ ಬಗ್ಗೆ ಮಾತಾಡಿ ಅಂದರು. ಊರಿಗಾಗಿ ಬಹುಕಾಲ ಆಡಿದವನನ್ನು ಗೌರವಿಸುವುದು ಹೇಗೆ ಅಂತ ಹೇಳಿ ಅಂದರು. ನಾನು ಆಡಿದವನಲ್ಲ, ಗೆರೆಯಾಚೆ ನಿಂತು ನೋಡಿದವನು. ಅದಕ್ಕೇ ಒಪ್ಪಿಕೊಂಡೆ. ಆಡಿದವರು ಸಾಮಾನ್ಯವಾಗಿ ತಮ್ಮ ಬಗ್ಗೆ ಹೇಳಿಕೊಳ್ಳುವುದಿಲ್ಲ. ಆ ಕೆಲಸ ನೋಡಿದವರಿಗೇ ಬರುತ್ತದೆ.

ನಾನು ಆರಿಸಿಕೊಂಡ ಹೆಸರು ಅಹಮದ್ ಖಾನ್. ಬೆಂಗಳೂರಿನವರು. 1926ರ ಡಿಸೆಂಬರ್ 24ರಂದು ಹುಟ್ಟಿ, 2017ರ ಆಗಸ್ಟ್ 27ರಂದು ಅದೇ ಊರಿನಲ್ಲಿ ತೀರಿಕೊಂಡರು. 1948ರ ಲಂಡನ್ ಒಲಿಂಪಿಕ್ಸ್, 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಎರಡರಲ್ಲೂ ಭಾರತದ ಪರ ಆಡಿದವರು. 1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆದಾಗ ಚಿನ್ನ ಗೆದ್ದ ತಂಡದಲ್ಲಿದ್ದವರು. ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಸುಮಾರು ಹತ್ತು ವರ್ಷ ಆಡಿದವರು. ಈ ಸಭೆಯಲ್ಲಿ ಎಷ್ಟು ಜನ ಅವರ ಹೆಸರು ಕೇಳಿದ್ದೀರಿ ಅಂತ ಕೈ ಎತ್ತಿಸಲು ಹೋಗುವುದಿಲ್ಲ. ಕೇಳಿರದಿದ್ದರೆ ತಪ್ಪು ನಿಮ್ಮದಲ್ಲ, ಬರೆಯುವವರದು. ನಮ್ಮ ಭಾಷೆಯ ಕ್ರೀಡಾ ಬರಹದಲ್ಲಿ ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್, ದ್ರಾವಿಡ್, ಕುಂಬ್ಳೆ ತುಂಬಿಕೊಂಡಿದ್ದಾರೆ. ಬೆಂಗಳೂರಿನ ದಂಡು ಪ್ರದೇಶದಿಂದ ಎದ್ದು ಒಲಿಂಪಿಕ್ಸ್‌ವರೆಗೆ ಹೋದ ಕಾಲ್ಚೆಂಡಿನ ಹುಡುಗರಿಗೆ ಅಲ್ಲಿ ಸಿಕ್ಕ ಜಾಗ ಸಣ್ಣದು.

ಯಾಕೆ ಹೀಗಾಯಿತು? ಈ ಪ್ರಶ್ನೆಗೆ ಚಿಕ್ಕಬಳ್ಳಾಪುರದಲ್ಲಿ ನಿಂತು ಉತ್ತರ ಹುಡುಕುವುದು ಸುಲಭ ಅನ್ನಿಸುತ್ತದೆ.

ಮೊದಲು ಆಟ ಎಲ್ಲಿಂದ ಬಂತು ಅನ್ನುವುದನ್ನು ನೋಡೋಣ. 1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಕಟ್ಟಿದರು. ಬ್ಯಾರಕ್ಕು ಬಂತು, ಪೆರೇಡ್ ಮೈದಾನ ಬಂತು, ಮುಂದೆ ಅದೇ ಮೈದಾನದಲ್ಲಿ ಸೋಲ್ಜರುಗಳ ಚೆಂಡಾಟ ಬಂತು. ಅವರ ಅಡುಗೆಮನೆಗೆ, ಕುದುರೆ ಲಾಯಕ್ಕೆ, ಬಟ್ಟೆ ಒಗೆಯಲು, ಬೂಟು ಹೊಲಿಯಲು ಬಂದು ನೆಲೆಸಿದವರ ಮಕ್ಕಳು ಗೆರೆಯ ಪಕ್ಕ ನಿಂತು ನೋಡಿ ಕಲಿತರು. ಬಂದವರಲ್ಲಿ ಬಹಳ ಮಂದಿ ತಮಿಳರು. ದಖನಿ ಉರ್ದು ಮಾತಾಡುವ ಮುಸ್ಲಿಮರು, ಆಂಗ್ಲೋ ಇಂಡಿಯನ್ನರು ಇದ್ದರು. ಇತ್ತ ನಮ್ಮ ಅಖಂಡ ಕೋಲಾರ ಜಿಲ್ಲೆಯಲ್ಲೂ ಹಾಗೇ ಆಯಿತು. ಚಿನ್ನದ ಗಣಿ ಇದ್ದ ಕೆಜಿಎಫ್‌ನಲ್ಲಿ ಫುಟ್‌ಬಾಲ್ ಬೇರು ಬಿಟ್ಟಿತು. ಗಣಿಯ ಸೈರನ್ ಕೇಳಿಸದ ನಮ್ಮ ತಾಲ್ಲೂಕುಗಳಲ್ಲಿ ಕಬಡ್ಡಿ, ಖೋಖೋ, ಆಮೇಲೆ ವಾಲಿಬಾಲ್ ಉಳಿದವು. 2007ರಲ್ಲಿ ಜಿಲ್ಲೆ ಎರಡಾದಾಗ ಗಣಿಯೂ ಅದರ ಫುಟ್‌ಬಾಲೂ ಕೋಲಾರದ ಪಾಲಿಗೆ ಹೋದವು. ಕೆರೆ, ರೇಷ್ಮೆ, ನಂದಿ ಬೆಟ್ಟ ನಮಗೆ ಬಂದವು. ಒಟ್ಟಿನಲ್ಲಿ ಗೋರಾಗಳ ಬೂಟು ಎಲ್ಲಿ ಓಡಾಡಿತೋ ಅಲ್ಲಿ ಫುಟ್‌ಬಾಲ್ ಹುಟ್ಟಿತು.

ಹಾಗೆ ಹುಟ್ಟಿದ ಆಟ ಗೋರಾಗಳಿಗೇ ತಿರುಗಿ ಬಿತ್ತು. ಬೊಂಬಾಯಿಯ ರೋವರ್ಸ್ ಕಪ್ ಶುರುವಾದದ್ದು 1891ರಲ್ಲಿ. ಸುಮಾರು ನಲವತ್ತೈದು ವರ್ಷ ಅದು ಬ್ರಿಟಿಷ್ ಸೈನ್ಯದ ತಂಡಗಳ ಕೈಯಲ್ಲೇ ಇತ್ತು. 1937ರಲ್ಲಿ ಅದನ್ನು ಕಿತ್ತುಕೊಂಡ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷ, ಅಂದರೆ ನಮ್ಮ ವಿದುರಾಶ್ವತ್ಥದಲ್ಲಿ ಜನರ ಮೇಲೆ ಗುಂಡು ಹಾರಿದ 1938ರಲ್ಲಿ, ಮತ್ತೆ ಅದೇ ತಂಡ ಗೆದ್ದಿತು. ವಿದುರಾಶ್ವತ್ಥವನ್ನು ನಾವು ಪಠ್ಯಪುಸ್ತಕದಲ್ಲಿ ಇಟ್ಟುಕೊಂಡಿದ್ದೇವೆ, ಇಡಲೇಬೇಕು. ರೋವರ್ಸ್ ಕಪ್ಪಿನ ಗೆಲುವನ್ನು ಅದರ ಪಕ್ಕದಲ್ಲಿಡಿ ಎಂದು ನಾನು ಹೇಳುತ್ತಿಲ್ಲ. ಪ್ರಾಣ ಕೊಟ್ಟವರ ಪಕ್ಕ ಕಪ್ ಇಡುವುದು ಸರಿಯಲ್ಲ. ಒಂದು ಅಡಿಟಿಪ್ಪಣಿಯನ್ನಾದರೂ ಕೊಡಬಹುದಿತ್ತು, ಅಷ್ಟೇ.

ಆ ತಂಡದ ಕಾಲದಲ್ಲಿ, ಆ ಬೀದಿಗಳಲ್ಲಿ ಬೆಳೆದವರು ಅಹಮದ್. ಮನೆತುಂಬ ಆಟಗಾರರು. ತಂದೆ ಆಡಿದವರು, ಅಣ್ಣತಮ್ಮಂದಿರು ಆಡಿದವರು. ಹುಡುಗ ಬೆಂಗಳೂರು ಮುಸ್ಲಿಮ್ಸ್ ಸೇರಿದ. ಮೈಸೂರು ಸಂಸ್ಥಾನದ ತಂಡ 1946ರಲ್ಲಿ ಸಂತೋಷ್ ಟ್ರೋಫಿಯನ್ನು ಬಂಗಾಳದ ಕೈಯಿಂದ ಕಸಿದುಕೊಂಡಿತು. ಫುಟ್‌ಬಾಲ್ ಎಂದರೆ ಕಲ್ಕತ್ತ ಎಂಬ ಮಾತಿಗೆ ಆಗ ಬೆಂಗಳೂರು ಎದುರು ನಿಂತಿತ್ತು. ಎರಡು ವರ್ಷಕ್ಕೆ ಲಂಡನ್ ಒಲಿಂಪಿಕ್ಸ್. ತಂಡದಲ್ಲಿ ಅಹಮದ್ ಖಾನ್, ಸಾರಂಗಪಾಣಿ ರಾಮನ್, ಧನರಾಜ್ ಮೊದಲಾಗಿ ನಮ್ಮ ಕಡೆಯ ಹುಡುಗರು ಹಲವರು ಇದ್ದರು. ಅಹಮದ್‌ಗೆ ಆಗ ಇಪ್ಪತ್ತೊಂದು ತುಂಬಿ ಇಪ್ಪತ್ತೆರಡು ನಡೆಯುತ್ತಿತ್ತು.

1948ರ ಜುಲೈ 31. ಸ್ವಾತಂತ್ರ್ಯ ಬಂದು ವರ್ಷವೂ ತುಂಬಿಲ್ಲ. ಲಂಡನ್ನಿನ ಇಲ್ಫರ್ಡ್‌ನಲ್ಲಿ ಫ್ರಾನ್ಸ್ ಎದುರಾಳಿ. ನಮ್ಮ ಹನ್ನೊಂದು ಜನರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಇಳಿದರು. ಎರಡು ಪೆನಾಲ್ಟಿ ಸಿಕ್ಕವು, ಎರಡೂ ಕೈತಪ್ಪಿದವು. ಫ್ರಾನ್ಸ್ 2, ಭಾರತ 1. ಆ ಒಂದು ಗೋಲು ಹೊಡೆದವರು ರಾಮನ್. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಬಂದ ಮೊದಲ ಗೋಲು ಮೈಸೂರು ಸಂಸ್ಥಾನದ ಪರ ಆಡುತ್ತಿದ್ದ ಹುಡುಗನ ಕಾಲಿನಿಂದ ಬಂತು. ಸಾಮಾನ್ಯ ಜ್ಞಾನದ ಪುಸ್ತಕ ಉರು ಹೊಡೆಯುವ ಮಕ್ಕಳೇ, ಇದನ್ನು ಬರೆದಿಟ್ಟುಕೊಳ್ಳಿ.

ಬರಿಗಾಲು ಅಂದ ಕೂಡಲೇ ಬಡತನ ಅಂತ ಕಣ್ಣೊರೆಸಿಕೊಳ್ಳುವವರಿದ್ದಾರೆ. ಬಡತನ ಇದ್ದದ್ದು ನಿಜ. ಆದರೆ ಬರಿಗಾಲು ಬರಿ ಬಡತನವಾಗಿರಲಿಲ್ಲ, ಅದೊಂದು ಕಲೆಯೂ ಆಗಿತ್ತು. ನಮ್ಮ ಕೆಮ್ಮಣ್ಣಿನ ನೆಲ ಒಣಗಿರುವಾಗ ಚೆಂಡು ಪುಟಿಯುತ್ತದೆ, ಜಾರುವುದಿಲ್ಲ. ಬರಿಗಾಲಿನ ಬೆರಳಿಗೆ ಚೆಂಡಿನ ತೂಕ ಗೊತ್ತಾಗುತ್ತದೆ. ಪಾದದ ಅಂಚಿನಲ್ಲಿ ತಡೆದು, ಬೆರಳ ತುದಿಯಿಂದ ತುಸು ಸರಿಸಿ, ಎದುರಾಳಿ ಕಾಲು ಹಾಕುವಷ್ಟರಲ್ಲಿ ಇನ್ನೊಂದು ಕಡೆಗೆ ಎಳೆದುಕೊಳ್ಳಬಹುದು. ಕಣಕಾಲಿಗೆ ಪಟ್ಟಿ ಸುತ್ತಿಕೊಂಡು ಆಡುತ್ತಿದ್ದರು. ಮಳೆ ಬಿತ್ತೋ, ಕತೆ ಬೇರೆ. ಆಗಿನ ಚೆಂಡು ತೊಗಲಿನದು. ಒಳಗೆ ಬ್ಲ್ಯಾಡರ್, ಮೇಲೆ ದಾರ ಕಟ್ಟಿದ ಬಾಯಿ. ನೀರು ಕುಡಿದರೆ ಕಲ್ಲಿನ ಹಾಗಾಗುತ್ತಿತ್ತು. ಒದ್ದೆ ಹುಲ್ಲಿನ ಮೇಲೆ ಬರಿಗಾಲು ಹಿಡಿತ ತಪ್ಪುತ್ತಿತ್ತು, ಬೂಟಿನವನ ಮೊಳೆ ನೆಲಕ್ಕೆ ಕಚ್ಚುತ್ತಿತ್ತು. ಬರಿಗಾಲಿನ ಆಟಗಾರ ಆಕಾಶ ನೋಡಿಕೊಂಡೇ ಮೈದಾನಕ್ಕೆ ಇಳಿಯಬೇಕಿತ್ತು. ನಮ್ಮ ರೈತನಿಗೂ ಅವನಿಗೂ ಅಷ್ಟರ ಮಟ್ಟಿಗೆ ನೆಂಟಸ್ತನ ಉಂಟು, ಒಬ್ಬನಿಗೆ ಮಳೆ ಬೇಕು, ಇನ್ನೊಬ್ಬನಿಗೆ ಬೇಡ.

ಅಹಮದ್ ಆಡುತ್ತಿದ್ದ ಜಾಗಕ್ಕೆ ಇನ್‌ಸೈಡ್ ಲೆಫ್ಟ್ ಎಂದು ಹೆಸರು. ಈಗಿನ ಮಕ್ಕಳಿಗೆ ಆ ಹೆಸರು ಗೊತ್ತಿರಲಾರದು. ಆಗ ತಂಡ ನಿಲ್ಲುತ್ತಿದ್ದದ್ದು ಗೋಲಿಯ ಮುಂದೆ ಇಬ್ಬರು ಬ್ಯಾಕ್, ಮೂವರು ಹಾಫ್, ಐವರು ಫಾರ್ವರ್ಡ್ ಎಂಬ ಲೆಕ್ಕದಲ್ಲಿ. ಐವರಲ್ಲಿ ಎರಡು ಅಂಚಿಗೆ ಇಬ್ಬರು, ನಟ್ಟನಡುವೆ ಒಬ್ಬ. ಅಂಚಿಗೂ ನಡುವಿಗೂ ಮಧ್ಯೆ ಉಳಿದವರೇ ಇನ್‌ಸೈಡ್‌ನವರು. ಗೋಲು ಹೊಡೆದು ಕೈ ಎತ್ತುವವನು ನಡುವಿನವನು, ಗೆರೆಗುಂಟ ಓಡಿ ಚಪ್ಪಾಳೆ ಗಿಟ್ಟಿಸುವವನು ಅಂಚಿನವನು. ಇನ್‌ಸೈಡ್‌ನವನು ಹಿಂದಕ್ಕೆ ಬಂದು ಚೆಂಡು ತೆಗೆದುಕೊಳ್ಳಬೇಕು, ಇಬ್ಬರನ್ನೋ ಮೂವರನ್ನೋ ತನ್ನ ಕಡೆಗೆ ಸೆಳೆದುಕೊಳ್ಳಬೇಕು, ಅವರು ಮುತ್ತಿಕೊಂಡಾಗ ಬರಿದಾದ ಜಾಗಕ್ಕೆ ಚೆಂಡನ್ನು ಬಿಡಬೇಕು. ಅಹಮದ್‌ಗೆ ಹಾವಾಡಿಗ ಅಂತ ಅಡ್ಡಹೆಸರು ಬಿದ್ದದ್ದು ಇದಕ್ಕೇ. ಚೆಂಡು ಅವರ ಕಾಲ ಬಳಿ ಇದ್ದಷ್ಟು ಹೊತ್ತು ಎದುರಾಳಿಗಳು ಅದನ್ನೇ ದಿಟ್ಟಿಸುತ್ತ ನಿಂತುಬಿಡುತ್ತಿದ್ದರಂತೆ.

ಬೇರೆಯವರಿಗೆ ಜಾಗ ಮಾಡಿಕೊಡುವ ಆಟ ಅದು. ಊರಿಗೆ ಆಟಗಾರನ ಕೊಡುಗೆ ಏನು ಅಂತ ಕೇಳಿದಾಗ ನಾವು ಆಸ್ಪತ್ರೆಗೆ ಕೊಟ್ಟ ದೇಣಿಗೆ, ಬಡ ಮಕ್ಕಳಿಗೆ ಹಂಚಿದ ಪುಸ್ತಕ ಇಂಥದ್ದನ್ನು ಹುಡುಕುತ್ತೇವೆ. ಆಟವನ್ನೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಹಿಡಿಯುತ್ತೇನೆ. ಯಾಕೆಂದರೆ ಅಹಮದ್ ಖಾನ್ ಆಟದಿಂದಲೇ ಒಂದು ಸಮುದಾಯಕ್ಕೆ ಮಾಡಿದ ಉಪಕಾರ ದೊಡ್ಡದು. ಅದು ನಡೆದದ್ದು ಮಾತ್ರ ಬೆಂಗಳೂರಿನಲ್ಲಲ್ಲ, ಕಲ್ಕತ್ತದಲ್ಲಿ.

1949ರಲ್ಲಿ ಅಹಮದ್ ಈಸ್ಟ್ ಬೆಂಗಾಲ್ ಸೇರಿದರು. ಕಲ್ಕತ್ತ ಆಗ ಹೇಗಿತ್ತು ಎಂದು ನೆನೆಯಿರಿ. ದೇಶ ಒಡೆದು ಎರಡು ವರ್ಷ. ಪೂರ್ವ ಬಂಗಾಳದಿಂದ ಮನೆ, ಗದ್ದೆ, ಕೊಳ ಎಲ್ಲ ಬಿಟ್ಟು ಓಡಿ ಬಂದ ಹಿಂದೂ ಕುಟುಂಬಗಳು ಸಿಯಾಲ್ದಾ ಸ್ಟೇಷನ್ನಿನ ನೆಲದ ಮೇಲೆ ಮಲಗುತ್ತಿದ್ದವು. ಊರ ಹೊರಗಿನ ಖಾಲಿ ಜಾಗದಲ್ಲಿ ಬಿದಿರಿನ ಗುಡಿಸಲು ಹಾಕಿಕೊಂಡ ಕಾಲನಿಗಳು ಏಳುತ್ತಿದ್ದವು. 1950ರ ಆರಂಭದಲ್ಲಿ ಗಡಿಯ ಎರಡೂ ಕಡೆ ಮತ್ತೆ ಗಲಭೆ, ಮತ್ತೆ ವಲಸೆ. ಕಳೆದುಕೊಂಡ ನಾಡಿನ ಹೆಸರನ್ನೇ ಹೊತ್ತ ಒಂದು ಫುಟ್‌ಬಾಲ್ ಕ್ಲಬ್ಬು ಅವರಿಗೆ ಆ ಊರಿನಲ್ಲಿತ್ತು. 1920ರಲ್ಲಿ ಶುರುವಾದ ಈಸ್ಟ್ ಬೆಂಗಾಲ್. ನಿರಾಶ್ರಿತ ಗಂಡಸು ವಾರವಿಡೀ ಕೆಲಸಕ್ಕೆ ಅಲೆದು, ಆಟದ ದಿನ ಮೈದಾನದ ಗ್ಯಾಲರಿಯಲ್ಲಿ ನಿಂತು ಕೂಗುತ್ತಿದ್ದ. ಆ ಎರಡು ತಾಸು ಅವನ ಊರು ಅವನಿಗೆ ಇತ್ತು.

ಆ ಜನ ತಲೆಯ ಮೇಲೆ ಹೊತ್ತು ಮೆರೆಸಿದ ಮುಂಚೂಣಿಯ ಐವರು ಯಾರು? ಬಲ ಅಂಚಿನಲ್ಲಿ ವೆಂಕಟೇಶ್, ಅವರ ಪಕ್ಕ ಅಪ್ಪಾರಾವ್, ನಡುವೆ ಧನರಾಜ್, ಎಡ ಒಳಗೆ ಅಹಮದ್ ಖಾನ್, ಎಡ ಅಂಚಿನಲ್ಲಿ ಸಾಲೆ. ಐವರಲ್ಲಿ ಒಬ್ಬರೂ ಬಂಗಾಳಿಯಲ್ಲ, ಎಲ್ಲರೂ ದಕ್ಷಿಣದವರು. ಅಪ್ಪಾರಾವ್ ಆಂಧ್ರದವರು, ಸಾಲೆ ಕೇರಳದ ಮುಸ್ಲಿಂ, ಅಹಮದ್ ಬೆಂಗಳೂರಿನ ಮುಸ್ಲಿಂ. ಕಲ್ಕತ್ತದ ಜನ ಈ ಐವರಿಗೆ ಇಟ್ಟ ಹೆಸರು ಪಂಚಪಾಂಡವರು.

ಇಲ್ಲಿ ಸ್ವಲ್ಪ ನಿಲ್ಲೋಣ. ಧರ್ಮದ ಹೆಸರಿನಲ್ಲಿ ಮನೆ ಸುಟ್ಟು ಓಡಿಸಲ್ಪಟ್ಟ ಹಿಂದೂಗಳು ಅವರು. ಅವರಿಗೆ ಸಿಟ್ಟಿರಲಿಲ್ಲವೇ? ಇತ್ತು, ಇರಬೇಕಾದದ್ದೇ. ಅದೇ ಜನ ಶನಿವಾರ ಸಂಜೆ ಅಹಮದ್, ಅಹಮದ್ ಎಂದು ಗಂಟಲು ಹರಿಯುವಂತೆ ಕೂಗಿದರು. ಇಬ್ಬರು ಮುಸ್ಲಿಂ ಹುಡುಗರನ್ನು ಪಾಂಡವರ ಸಾಲಿಗೆ ಸೇರಿಸಿಕೊಂಡರು. ಇದನ್ನು ಸೌಹಾರ್ದದ ಭಾಷಣಕ್ಕೆ ಬಳಸಲು ನನಗೆ ಇಷ್ಟವಿಲ್ಲ. ಅಹಮದ್ ಅಲ್ಲಿಗೆ ಸೌಹಾರ್ದ ಸಾರಲು ಹೋದವರಲ್ಲ, ಚೆಂಡು ಆಡಲು ಹೋದವರು. ಗಲಭೆಯನ್ನು ಅವರ ಆಟ ನಿಲ್ಲಿಸಲೂ ಇಲ್ಲ. ಆದರೆ ದ್ವೇಷಕ್ಕೆ ಎಲ್ಲ ಕಾರಣ ಇದ್ದ ಮನುಷ್ಯನಿಗೆ ಪ್ರೀತಿಸಲು ಒಂದು ಕಾರಣ ಒದಗಿಸಿದರಲ್ಲ, ಅದನ್ನು ನಾನು ಸಮುದಾಯಕ್ಕೆ ಮಾಡಿದ ಸೇವೆ ಎಂದೇ ಕರೆಯುತ್ತೇನೆ. ಹತ್ತು ಶಾಂತಿ ಸಮಿತಿಗಳ ಸಭೆಗಿಂತ ಅದು ಮೇಲು.

ಆ ಐವರಿದ್ದ ತಂಡ ಗೆದ್ದದ್ದೂ ಕಡಿಮೆಯಲ್ಲ. ಐಎಫ್‌ಎ ಶೀಲ್ಡ್ 1949, 1950, 1951, ಸಾಲಾಗಿ ಮೂರು ವರ್ಷ. ಡುರಾಂಡ್ ಕಪ್ 1951 ಮತ್ತು 1952. 1953ರಲ್ಲಿ ಕ್ಲಬ್ಬು ರುಮೇನಿಯಾ, ಸೋವಿಯತ್ ದೇಶಗಳ ಪ್ರವಾಸಕ್ಕೂ ಹೋಗಿ ಬಂತು. ಮಿಕ್ಕ ಕಪ್ಪುಗಳ ಪಟ್ಟಿ ಓದಿ ನಿಮ್ಮನ್ನು ದಣಿಸುವುದಿಲ್ಲ.

1951ರ ಮಾರ್ಚ್. ದೆಹಲಿ. ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಇರಾನ್. ಹೈದರಾಬಾದಿನ ರಹೀಮ್ ಸಾಹೇಬರು ತರಬೇತುದಾರ, ಸೈಲೆನ್ ಮನ್ನಾ ನಾಯಕ, ಮೇವಾಲಾಲ್ ಹೊಡೆದ ಒಂದೇ ಗೋಲು, ಚಿನ್ನ. ಅದಕ್ಕೆ ಒಂದು ವರ್ಷ ಮುಂಚೆ ಬ್ರೆಜಿಲ್‌ನ ವಿಶ್ವಕಪ್‌ಗೆ ಭಾರತಕ್ಕೆ ಅವಕಾಶ ಸಿಕ್ಕಿತ್ತು, ನಾವು ಹೋಗಲಿಲ್ಲ. ಬೂಟಿಲ್ಲದೆ ಆಡಲು ಬಿಡುವುದಿಲ್ಲ ಅಂದರು, ಅದಕ್ಕೆ ಹೋಗಲಿಲ್ಲ ಎಂಬ ಕತೆ ಎಲ್ಲರ ಬಾಯಲ್ಲಿದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಆಗ ನಮ್ಮವರ ಕಣ್ಣಿಗೆ ಒಲಿಂಪಿಕ್ಸೇ ದೊಡ್ಡದಾಗಿತ್ತು, ವಿಶ್ವಕಪ್‌ನ ಬೆಲೆ ಯಾರಿಗೂ ಗೊತ್ತಿರಲಿಲ್ಲ. ಬರಿಗಾಲಿನ ಮೇಲೆ ತಪ್ಪು ಹೊರಿಸಿದರೆ ಕುರ್ಚಿಯ ಮೇಲಿದ್ದವರು ಪಾರಾಗುತ್ತಾರೆ, ಕತೆ ಉಳಿದುಕೊಂಡದ್ದು ಅದಕ್ಕೇ ಇರಬೇಕು. ಅಹಮದ್‌ಗೆ ಆಗ ಇಪ್ಪತ್ಮೂರು. ಮೈ, ಕಾಲು, ತಲೆ ಮೂರೂ ಒಟ್ಟಿಗೆ ಹದವಾಗಿದ್ದ ವಯಸ್ಸು.

ಹೆಲ್ಸಿಂಕಿಯ ಪ್ರಸಂಗ ಸಾಮಾನ್ಯವಾಗಿ ತಲೆ ತಗ್ಗಿಸಿ ಹೇಳುವಂಥದ್ದು. 1952ರ ಜುಲೈ 15ರಂದು ಚಳಿ ನಾಡಿನಲ್ಲಿ, ಹೆಚ್ಚಿನವರು ಬರಿಗಾಲಿನಲ್ಲೇ ಆಡಿ, ಯುಗೊಸ್ಲಾವಿಯಾದ ಎದುರು ಹತ್ತು ಗೋಲು ಬಿಟ್ಟುಕೊಟ್ಟೆವು. ಆ ಯುಗೊಸ್ಲಾವಿಯಾ ಕೊನೆಗೆ ಬೆಳ್ಳಿ ಗೆದ್ದ ತಂಡ. ಆಟ ಮುಗಿಯಲು ಇನ್ನು ಒಂದೆರಡು ನಿಮಿಷ ಇದ್ದಾಗ ಭಾರತದ ಒಂದು ಗೋಲು ಬಂತು. ಹೊಡೆದವರು ಅಹಮದ್ ಖಾನ್. ಹತ್ತು ಸೊನ್ನೆಯಲ್ಲಿ ಹಿಂದಿರುವಾಗ ಯಾರು ಓಡುತ್ತಾರೆ ಹೇಳಿ? ಶಿಳ್ಳೆ ಯಾವಾಗ ಬೀಳುತ್ತದೋ ಎಂದು ಕಾಯುತ್ತಾರೆ. ನನಗೆ ಅವರ ಚಿನ್ನದ ಪದಕಕ್ಕಿಂತ ಈ ಗೋಲಿನ ಮೇಲೆಯೇ ಅಭಿಮಾನ ಜಾಸ್ತಿ. ಆ ಸೋಲಿನ ನಂತರ ಭಾರತೀಯ ಫುಟ್‌ಬಾಲಿನಲ್ಲಿ ಬೂಟು ಕಡ್ಡಾಯವಾಯಿತು. ಬರಿಗಾಲಿನ ಕಾಲ ಮುಗಿಯಿತು.

ಅಹಮದ್ ಕೊನೆಗೆ ಊರಿಗೇ ಮರಳಿ, ಊರಿನಲ್ಲೇ ತೊಂಬತ್ತು ದಾಟಿ ಬದುಕಿದರು. ಅರ್ಜುನ ಪ್ರಶಸ್ತಿ ಶುರುವಾದದ್ದು 1961ರಲ್ಲಿ. ಅಷ್ಟರಲ್ಲಿ ಅವರ ಆಟದ ದಿನಗಳು ಮುಗಿದಿದ್ದವು, ಪ್ರಶಸ್ತಿ ಅವರಿಗೆ ಬರಲೇ ಇಲ್ಲ. ಪದ್ಮಶ್ರೀಯೂ ಇಲ್ಲ. ಸರ್ಕಾರಗಳ ಮಾತು ಹಾಗಿರಲಿ, ನಮ್ಮ ಮಾತಿಗೆ ಬರೋಣ.

ಮೊದಲು ಕೇಳಿದ ಪ್ರಶ್ನೆಗೆ ನನಗೆ ಹೊಳೆಯುವ ಉತ್ತರ ಇದು. ಕರ್ನಾಟಕದ ಫುಟ್‌ಬಾಲ್ ತಮಿಳು ಮಾತಾಡಿತು, ದಖನಿ ಮಾತಾಡಿತು, ಇಂಗ್ಲಿಷ್ ಮಾತಾಡಿತು. ಕನ್ನಡ ಅದರ ಬಾಯಲ್ಲಿ ಇದ್ದದ್ದು ಕಡಿಮೆ. ಹಲಸೂರಿನ ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್ ಎಂಬ ಬಡಾವಣೆಗಳಿಂದ ಸಾಲು ಸಾಲಾಗಿ ಆಟಗಾರರು ಬಂದರು. 1962ರ ಜಕಾರ್ತ ಏಷ್ಯನ್ ಕೂಟದಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಬೆಂಗಳೂರಿನವರು. ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರರ ಜೊತೆಗೆ ಪೆಲೆಯ ವಿಗ್ರಹವೂ ಇದೆ, ಹೋಗಿ ನೋಡಿ ಬನ್ನಿ. ಆಚೆ ಬಸವನಗುಡಿ, ಚಾಮರಾಜಪೇಟೆಯಲ್ಲಿ ಕುಳಿತು ಕನ್ನಡ ಬರೆಯುತ್ತಿದ್ದವರಿಗೂ ಈ ಬೀದಿಗಳಿಗೂ ನಡುವೆ ಕಬ್ಬನ್ ಪಾರ್ಕು ಇತ್ತು. ಪಾರ್ಕು ದಾಟಿ ಹೋಗಿ ನೋಡಿದವರು ಕಡಿಮೆ. ಮನೆಮಾತು ಕನ್ನಡವಲ್ಲದವನು ಕರ್ನಾಟಕದ ಜೆರ್ಸಿ ತೊಟ್ಟರೂ ಅವನು ನಮ್ಮ ಬರಹದಲ್ಲಿ ಹೊರಗಿನವನಾಗಿಯೇ ಉಳಿದ. ಜಗಳ ಮಾಡಿ ಹೊರಗಿಟ್ಟದ್ದಲ್ಲ. ಬರೆದುಕೊಳ್ಳಲಿಲ್ಲ, ಅಷ್ಟೇ.

ಈ ಮಾತನ್ನು ಚಿಕ್ಕಬಳ್ಳಾಪುರದವರು ಅರ್ಥ ಮಾಡಿಕೊಂಡಷ್ಟು ಬೇಗ ಬೇರೆಯವರು ಮಾಡಿಕೊಳ್ಳಲಾರರು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ, ಶಿಡ್ಲಘಟ್ಟದ ರೀಲಿಂಗ್ ಮನೆಗಳಲ್ಲಿ ದಖನಿ. ಗೂಡಿನ ಮಾರುಕಟ್ಟೆಯಲ್ಲಿ ವ್ಯಾಪಾರದ ಮಾತು ನಡೆಯುವಾಗ ಮೂರೂ ಭಾಷೆ ಒಂದೇ ಉಸಿರಿನಲ್ಲಿ ಬರುತ್ತವೆ, ಯಾರಿಗೂ ತೊಡಕಾಗುವುದಿಲ್ಲ. ಕೈವಾರದ ತಾತಯ್ಯನವರು ತೆಲುಗಿನಲ್ಲೂ ಹಾಡಿದರು, ಕನ್ನಡದಲ್ಲೂ ಹಾಡಿದರು. ತೆಲುಗಿನಲ್ಲಿ ಹಾಡಿದರು ಅಂತ ಅವರನ್ನು ನಾವು ಗಡಿಯಾಚೆಗೆ ಬಿಟ್ಟುಕೊಟ್ಟೆವೇ? ಇಲ್ಲ. ಪರಿಷತ್ತಿನ ವೇದಿಕೆಗಳಲ್ಲಿ ಕೂರಿಸಿ ಪೂಜಿಸಿದೆವು. ಆ ಔದಾರ್ಯ ತಾತಯ್ಯನವರಿಗೆ ಸಲ್ಲುತ್ತದೆ ಎಂದಾದರೆ ದಖನಿ ಮಾತಾಡುತ್ತ ಮೈಸೂರಿನ ಮಾನ ಕಾಯ್ದ ಇನ್‌ಸೈಡ್ ಲೆಫ್ಟ್‌ಗೆ ಯಾಕೆ ಸಲ್ಲಬಾರದು?

ಆಟಗಾರನನ್ನು ಗೌರವಿಸುವುದೆಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ ಎಂದು ನಾವು ಅಂದುಕೊಂಡಿದ್ದೇವೆ. ಹೊಟ್ಟೆಪಾಡಿನ ಮಾತು ಅದಕ್ಕಿಂತ ಮುಂಚಿನದು. ಬೆಂಗಳೂರಿನ ಫುಟ್‌ಬಾಲ್ ಬಹುಕಾಲ ಬದುಕಿದ್ದು ಕಾರ್ಖಾನೆಗಳಿಂದ. ಎಚ್‌ಎಎಲ್, ಐಟಿಐ, ಬಿಇಎಲ್ ಆಟಗಾರರಿಗೆ ಕೆಲಸ ಕೊಟ್ಟವು. ಬೆಳಗ್ಗೆ ಪ್ರಾಕ್ಟೀಸು, ಆಮೇಲೆ ಡ್ಯೂಟಿ, ತಿಂಗಳ ಕೊನೆಗೆ ಸಂಬಳ, ಮುಪ್ಪಿನಲ್ಲಿ ಪಿಂಚಣಿ. ಟೆಲಿಫೋನ್ ಮಾಡುತ್ತಿದ್ದ ಐಟಿಐ ತಂಡ 1977ರಲ್ಲಿ ದೇಶದ ಮೊದಲ ಫೆಡರೇಷನ್ ಕಪ್ ಗೆದ್ದಿತು, ಅದೂ ಮೋಹನ್ ಬಾಗಾನ್ ಎದುರು. ಕಾರ್ಖಾನೆಗಳು ಕ್ರೀಡಾ ಕೋಟಾದಲ್ಲಿ ಕೆಲಸ ಕೊಡುವುದನ್ನು ಕಡಿಮೆ ಮಾಡಿದಂತೆ ಆಟವೂ ಸೊರಗಿತು. 1968-69ರಲ್ಲಿ ಮೈಸೂರು ಹೆಸರಿನಲ್ಲಿ ಗೆದ್ದ ಸಂತೋಷ್ ಟ್ರೋಫಿ ಮತ್ತೆ ಕರ್ನಾಟಕಕ್ಕೆ ಬಂದದ್ದು 2023ರ ಮಾರ್ಚ್‌ನಲ್ಲಿ, ಅರಬ್ ದೇಶದ ರಿಯಾದ್‌ನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ. ಐವತ್ನಾಲ್ಕು ವರ್ಷದ ಬರ. ನಮ್ಮ ಕೆರೆಗಳು ಕೂಡ ಅಷ್ಟು ವರ್ಷ ಸತತವಾಗಿ ಒಣಗಿರಲಿಲ್ಲ.

ಈ ನಡುವೆ ಬಂದವರು ಕಾರ್ಲ್‌ಟನ್ ಚಾಪ್‌ಮನ್. ಆಸ್ಟಿನ್ ಟೌನ್‌ನ ಹುಡುಗ, 1971ರಲ್ಲಿ ಹುಟ್ಟಿದವರು, ಟಾಟಾ ಅಕಾಡೆಮಿಯಲ್ಲಿ ಕಲಿತು ಅಹಮದ್ ಆಡಿದ ಅದೇ ಈಸ್ಟ್ ಬೆಂಗಾಲ್‌ಗೆ ಹೋದವರು. 1993ರಲ್ಲಿ ಇರಾಕಿನ ಅಲ್ ಜವ್ರಾ ತಂಡದ ಮೇಲೆ ಮೂರು ಗೋಲು ಹೊಡೆದರು. 2001ರಲ್ಲಿ ಅವರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಗೆದ್ದಿತು. ಆಮೇಲೆ ಶಿಳ್ಳೆ ಕೊರಳಿಗೆ ಹಾಕಿಕೊಂಡು ಜಮ್‌ಶೆಡ್‌ಪುರ, ಶಿಲ್ಲಾಂಗ್, ಕಲ್ಕತ್ತ, ಕಲ್ಲಿಕೋಟೆ ಸುತ್ತಿ ಹುಡುಗರಿಗೆ ಕಲಿಸಿದರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಇನ್ನೂ ನಲವತ್ತೊಂಬತ್ತು. ತಾನು ಕಲಿತದ್ದನ್ನು ಮುಂದಿನವನ ಕಾಲಿಗೆ ದಾಟಿಸುವ ಈ ಕೆಲಸ ಕಪ್ಪುಗಳ ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ.

ಈಗ ನಮ್ಮ ನಾಲ್ಕು ಊರುಗಳು. ಮೈದಾನ ಇಲ್ಲ ಅಂತ ನಾವು ಹೇಳುವಂತಿಲ್ಲ. ಇಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಜಿಲ್ಲಾ ಕ್ರೀಡಾಂಗಣ ಇದೆ, ಗೌರಿಬಿದನೂರಿನಲ್ಲಿ ನೇತಾಜಿ ಕ್ರೀಡಾಂಗಣ, ಚಿಂತಾಮಣಿಯಲ್ಲಿ ಝಾನ್ಸಿ ರಾಣಿ ಕ್ರೀಡಾಂಗಣ, ಶಿಡ್ಲಘಟ್ಟದಲ್ಲಿ ನೆಹರು ಕ್ರೀಡಾಂಗಣ. ಹೆಸರುಗಳನ್ನು ಗಮನಿಸಿ. ಎಂಜಿನಿಯರು, ಸೇನಾನಿ, ರಾಣಿ, ಪ್ರಧಾನಿ. ನಾಲ್ವರೂ ದೊಡ್ಡವರು, ತಕರಾರಿಲ್ಲ. ನಾಲ್ಕು ಆಟದ ಮೈದಾನಗಳಲ್ಲಿ ಒಂದಕ್ಕೂ ಆಟಗಾರನ ಹೆಸರು ಬೀಳಲಿಲ್ಲವಲ್ಲ, ಅದು ಮಾತ್ರ ನನಗೆ ವಿಚಿತ್ರವಾಗಿ ಕಾಣುತ್ತದೆ. 2024ರ ಜನವರಿಯಲ್ಲಿ ಮುದ್ದೇನಹಳ್ಳಿಯ ಕ್ರಿಕೆಟ್ ಮೈದಾನಕ್ಕೆ ಸಚಿನ್ ತೆಂಡೂಲ್ಕರ್, ಯುವರಾಜ್ ಸಿಂಗ್ ಬಂದು ಆಡಿದರು. ಜಿಲ್ಲೆಗೆ ಜಿಲ್ಲೆಯೇ ಸಂಭ್ರಮಿಸಿತು. ನಾನೂ ಸಂಭ್ರಮಿಸಿದೆ. ಬಂದು ಹೋದವರನ್ನು ಇಲ್ಲಿ ಬೆಳೆದ ಮಕ್ಕಳು ಎಷ್ಟು ದಿನ ನೆನೆಯುತ್ತಾರೋ ಗೊತ್ತಿಲ್ಲ. ದಿನಾ ಸಂಜೆ ಮೈದಾನದಲ್ಲಿ ಸಿಗುವ ಒಬ್ಬ ಹಿರಿಯ ಆಟಗಾರನನ್ನು ಅವರು ಜೀವನವಿಡೀ ನೆನೆಯುತ್ತಾರೆ. ಗೌತಮಪುರ ಮಾಡಿದ ಪವಾಡ ಅಷ್ಟೇ. ಅಲ್ಲಿ ವಿಶೇಷ ಹುಲ್ಲಿರಲಿಲ್ಲ, ಕೋಚಿಂಗ್ ಫೀಸು ಇರಲಿಲ್ಲ. ದೇಶಕ್ಕೆ ಆಡಿ ಬಂದ ಅಣ್ಣಂದಿರು ಸಂಜೆ ಅದೇ ಬೀದಿಯಲ್ಲಿ ನಿಂತಿರುತ್ತಿದ್ದರು, ಹುಡುಗರು ನೋಡುತ್ತಿದ್ದರು.

ನಮ್ಮ ಊರುಗಳಲ್ಲೂ ಅಂಥವರು ಇರುತ್ತಾರೆ. ಕಾಲೇಜು ತಂಡಕ್ಕೋ ಇಲಾಖೆಯ ತಂಡಕ್ಕೋ ಆಡಿ, ಈಗ ಅಂಗಡಿಯೋ ರೀಲಿಂಗೋ ಮೇಷ್ಟ್ರುಗಿರಿಯೋ ಮಾಡಿಕೊಂಡು, ಸಂಜೆಯಾದರೆ ಮೈದಾನದ ಕಡೆ ಕಾಲು ಎಳೆಯುವವರು. ಅವರ ಹೆಸರನ್ನು ನಾನು ಈ ವೇದಿಕೆಯಲ್ಲಿ ಹೇಳುವುದಿಲ್ಲ. ಅವರನ್ನು ಕೇಳದೆ ಹೇಳುವುದು ಸರಿಯೂ ಅಲ್ಲ. ಹೇಳಬೇಕಾದವರು ನೀವು.

ದತ್ತಿಯವರಲ್ಲಿ ಮೂರು ಬೇಡಿಕೆ ಇಟ್ಟು ಕೂರುತ್ತೇನೆ. ಮೊದಲನೆಯದು, ನಾಲ್ಕು ಊರುಗಳಲ್ಲೂ ಹಳೆಯ ತಂಡಗಳ ಫೋಟೋ, ಸರ್ಟಿಫಿಕೇಟು, ಪಂದ್ಯದ ಕರಪತ್ರ ಯಾರ ಟ್ರಂಕಿನಲ್ಲಿದ್ದರೂ ತರಿಸಿ, ಸ್ಕ್ಯಾನ್ ಮಾಡಿಸಿ ವಾಪಸು ಕೊಡಿ. ಫೋಟೋದಲ್ಲಿ ನಿಂತವರ, ಕೂತವರ ಹೆಸರನ್ನು ಎಡದಿಂದ ಬಲಕ್ಕೆ ಬರೆದಿಟ್ಟುಕೊಳ್ಳಿ, ಬರೆಯಿಸಲು ಹಿರಿಯರು ಇರುವಾಗಲೇ. ಅವರು ತೆಲುಗಿನಲ್ಲಿ ಹೇಳಿದರೆ ತೆಲುಗಿನಲ್ಲಿ, ದಖನಿಯಲ್ಲಿ ಹೇಳಿದರೆ ದಖನಿಯಲ್ಲಿ ಧ್ವನಿಮುದ್ರಿಸಿ, ಕನ್ನಡದಲ್ಲಿ ಅಚ್ಚು ಹಾಕಿಸಿ. ಎರಡನೆಯದು, ಬಡ್ಡಿಯಲ್ಲಿ ಒಂದು ಪಾಲನ್ನು ಚೆಂಡಿಗೆ ಎತ್ತಿಡಿ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ನಾಲ್ಕನೇ ಸೈಜಿನ ಚೆಂಡು ಕೊಡಬೇಕು. ದೊಡ್ಡವರ ಐದನೇ ಸೈಜಿನದು ಅವರ ಕಾಲಿಗೆ ಭಾರ, ಆಟದ ಮೇಲೆ ಬೇಸರ ಬರುವುದು ಅಲ್ಲಿಂದಲೇ. ಹೆಣ್ಣುಮಕ್ಕಳ ಶಾಲೆಗೆ ಮೊದಲು ಕೊಡಿ, ಗಂಡುಮಕ್ಕಳು ಹೇಗೂ ಎಲ್ಲಿಂದಲಾದರೂ ಹೊಂದಿಸಿಕೊಳ್ಳುತ್ತಾರೆ. ಮೂರನೆಯದು, ಮುಂದಿನ ವರ್ಷದ ಉಪನ್ಯಾಸವನ್ನು ಸಭಾಂಗಣದ ಬದಲು ಶಿಡ್ಲಘಟ್ಟದ ನೆಹರು ಕ್ರೀಡಾಂಗಣದಲ್ಲಿ ಇಟ್ಟುಕೊಳ್ಳಿ. ನಾಲ್ಕು ಊರಿನ ಹುಡುಗರ ಪಂದ್ಯ ಮೊದಲು, ಭಾಷಣ ಆಮೇಲೆ. ಭಾಷಣಕಾರರಿಗೆ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ, ನನಗೆ ಇವತ್ತು ಕೊಟ್ಟ ಹಾಗೆ.